ಒಂದರ ಕಾಗದ ನಿಜ, ಇನ್ನೊಂದರ ತಗಡು ನಿಜ: ಎರಡು ಹಳೇ ಮಸಲ್ ಕಾರುಗಳ ಪ್ರಕರಣ

ಮಿಶಿಗನ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ಹಿರಿಯರಿದ್ದಾರೆ. ವಯಸ್ಸು 74. ಕಾರಿನ ತಗಡು ಒತ್ತುವ ಅಚ್ಚುಗಳನ್ನು ಮಾಡುವ ಟೂಲ್ ರೂಮಿನಲ್ಲಿ ಇಡೀ ಜೀವನ ದುಡಿದವರು. ಹೆಸರು ಬೇಡ, ಯಜಮಾನರು ಅಂತ ಕರೆಯೋಣ. ಅವರ ಮನೆ ಹಿಂದಿನ ಶೆಡ್ಡಿನಲ್ಲಿ ಎರಡು ಮಸಲ್ ಕಾರುಗಳು, ಅಂದರೆ ಚಿಕ್ಕ ಮೈಗೆ ದೊಡ್ಡ ಎಂಜಿನ್ ಹಾಕಿದ ಕಾರುಗಳು, ಮೂವತ್ತು ವರ್ಷದಿಂದ ನಿಂತಿದ್ದವು. ಒಂದು 1968ರ ಡಾಡ್ಜ್ ಚಾರ್ಜರ್. ಇನ್ನೊಂದು 1965ರ ಪಾಂಟಿಯಾಕ್ ಜಿಟಿಒ. ಎರಡನ್ನೂ ಅವರು ಕೊಂಡದ್ದು 1970ರ ದಶಕದಲ್ಲಿ, ಸೆಕೆಂಡ್ ಹ್ಯಾಂಡ್.

ಒಂದು ದಿನ ನನ್ನನ್ನು ಕರೆದು ಕೇಳಿದರು. "ಎರಡರಲ್ಲಿ ಯಾವುದನ್ನು ಸರಿ ಮಾಡಿಸೋಣ? ಎರಡನ್ನೂ ಮಾಡುವ ವಯಸ್ಸು ನನ್ನದಲ್ಲ. ದುಡ್ಡೂ ಒಂದಕ್ಕೇ ಇದೆ." ತೆಗೆದಿಟ್ಟಿದ್ದ ಹಣ 45,000 ಡಾಲರ್. ಮೂರು ವರ್ಷದೊಳಗೆ ಕಾರಿನಲ್ಲಿ ಕೂತು ವುಡ್‌ವರ್ಡ್ ಅವೆನ್ಯೂ ಮೇಲೆ ಹೋಗಬೇಕು ಅನ್ನುವುದು ಅವರ ಆಸೆ. 1995ರಿಂದ ಹೆಚ್ಚುಕಮ್ಮಿ ಪ್ರತಿ ಆಗಸ್ಟ್‌ನಲ್ಲಿ ಆ ರಸ್ತೆಯ ಮೇಲೆ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ಒಂಥರಾ ನಮ್ಮೂರ ತೇರಿನ ಹಾಗೆ, ಊರಿಗೆ ಊರೇ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತದೆ.

ನಾನು ಹುಬ್ಬಳ್ಳಿಯವನು. ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವ ಬಹಳ ಕನ್ನಡಿಗರ ಹಾಗೆ ನಾನೂ ಇಲ್ಲಿ ಎಂಜಿನಿಯರ್. ಕಾರಿನ ಬಾಡಿಯೇ ನನ್ನ ಕೆಲಸ. ಆದರೆ ಅದೆಲ್ಲ ಕಂಪ್ಯೂಟರ್ ಪರದೆಯ ಮೇಲೆ. ಐವತ್ತು ವರ್ಷ ಹಳೆಯ ತಗಡನ್ನು ಕೈಯಲ್ಲಿ ಮುಟ್ಟಿ ನೋಡುವ ಅವಕಾಶ ಬಿಡುವುದುಂಟಾ? ಹೋದೆ.

ಮೊದಲ ನೋಟಕ್ಕೆ ನನ್ನ ಮನಸ್ಸು ಹೋಗಿದ್ದು ಚಾರ್ಜರ್ ಕಡೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕಂದ್ರೆ ಮುಂದೆ ನಾನು ಹೇಳಿದ್ದು ಅದಕ್ಕೆ ಉಲ್ಟಾ. 1968ರ ಚಾರ್ಜರ್ ಅಷ್ಟು ಚೆಂದದ ಕಾರು. ನಡುವಿನಲ್ಲಿ ಸಣ್ಣಗಾಗಿ ಹಿಂದೆ ಮತ್ತೆ ಉಬ್ಬುವ ಮೈ. ಹೆಡ್‌ಲೈಟ್ ಕಾಣುವುದೇ ಇಲ್ಲ, ಕಪ್ಪು ಗ್ರಿಲ್ಲಿನ ಹಿಂದೆ ಮುಚ್ಚಿಕೊಂಡಿರುತ್ತವೆ. ಎಂಜಿನ್ನಿನ ನಿರ್ವಾತದಿಂದ ಅವುಗಳ ಬಾಗಿಲು ತೆರೆಯುತ್ತದೆ. ಹಿಂದಿನ ಗಾಜು ಎರಡು ಇಳಿಜಾರು ಕಂಬಗಳ ನಡುವೆ ಒಳಕ್ಕೆ ಕೂತಿದೆ. ಆ ಒಂದೇ ವರ್ಷ 96,000ಕ್ಕೂ ಜಾಸ್ತಿ ಚಾರ್ಜರ್‌ಗಳು ಹೋದವು. ಯಜಮಾನರ ಮಗನೂ ಅದನ್ನೇ ಹಿಡಿದಿದ್ದರು. "ಸರಿಯಾಗಿ ಮಾಡಿಸಿದರೆ ಚಾರ್ಜರ್‌ಗೇ ಜಾಸ್ತಿ ಬೆಲೆ" ಅನ್ನುವುದು ಅವರ ವಾದ. ಅದು ಸುಳ್ಳಲ್ಲ.

ಯಜಮಾನರ ಒಲವು ಮಾತ್ರ ಪಾಂಟಿಯಾಕ್ ಕಡೆ. ಮದುವೆಯಾದ ವರ್ಷ ಹೆಂಡತಿಯ ಜೊತೆ ಉತ್ತರದ ಸರೋವರಗಳ ಕಡೆ ಹೋಗಿದ್ದು ಅದರಲ್ಲೇ. ಅವರು ಅದನ್ನು ಯಾವತ್ತೂ ಕಾರು ಅಂತ ಕರೆದದ್ದು ನಾನು ಕೇಳಿಲ್ಲ. "ಜಿಟಿಒ" ಅಂತಲೇ ಅನ್ನುತ್ತಿದ್ದರು.

ಕಾಗದ ಹೇಳಿದ ಮಾತು

ಹಳೇ ಕಾರಿನಲ್ಲಿ ಮೊದಲು ನೋಡಬೇಕಾದ್ದು ಕಾರ್ಖಾನೆಯಲ್ಲೇ ಕಾರಿಗೆ ಕೊಟ್ಟ ಗುರುತಿನ ನಂಬರು. ಚಾರ್ಜರ್‌ನ ಆ ನಂಬರಿನ ಪಟ್ಟಿ ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿನ ಕೆಳಗೆ ಕಾಣುತ್ತದೆ. ಧೂಳು ಒರೆಸಿದೆ. ಶುರುವಿನಲ್ಲಿ ಎಕ್ಸ್‌ಪಿ29ಜಿ8ಬಿ ಅಂತಿತ್ತು. ಎಕ್ಸ್‌ಪಿ29 ಅಂದರೆ ಸಾಮಾನ್ಯ ಚಾರ್ಜರ್. ಜಿ ಅಂದರೆ 383 ಕ್ಯೂಬಿಕ್ ಇಂಚಿನ ವಿ8, ಎರಡು ಬ್ಯಾರೆಲ್ಲಿನ (ಗಾಳಿ, ಪೆಟ್ರೋಲ್ ಬೆರೆತು ಹೋಗುವ ಎರಡು ಕೊಳವೆಯ) ಕಾರ್ಬೊರೇಟರ್, 290 ಕುದುರೆಶಕ್ತಿ. 8 ಅಂದರೆ 1968. ಬಿ ಅಂದರೆ ಹ್ಯಾಮ್‌ಟ್ರಾಮ್ಕ್ ಕಾರ್ಖಾನೆ, ನಮ್ಮಿಂದ ಅರ್ಧ ಗಂಟೆ ದಾರಿ. ಅದನ್ನು 1980ರಲ್ಲಿ ಮುಚ್ಚಿ ಆಮೇಲೆ ಕೆಡವಿದರು. 1968ರಿಂದ ಎಂಜಿನ್ ಬ್ಲಾಕ್ ಮೇಲೂ ಕಾರಿನ ನಂಬರಿನ ಒಂದು ಭಾಗ ಒತ್ತುತ್ತಿದ್ದರು. ಗ್ರೀಸ್ ಕೆರೆದು ನೋಡಿದೆವು. ಎರಡೂ ತಾಳೆಯಾದವು. ಹುಟ್ಟಿದ ಎಂಜಿನ್ನೇ ಇದೆ ಅಂತಾಯಿತು.

ಪಾಂಟಿಯಾಕ್ ವಿಷಯ ಅಷ್ಟು ಸುಲಭವಲ್ಲ. ಅದಕ್ಕೆ ಜಿಟಿಒ ಹುಟ್ಟಿದ ಕಥೆ ಸ್ವಲ್ಪ ಗೊತ್ತಿರಬೇಕು. 1963ರ ಶುರುವಿನಲ್ಲಿ ಜನರಲ್ ಮೋಟರ್ಸ್, ಪಾಂಟಿಯಾಕ್ ಸೇರಿ ತನ್ನ ಎಲ್ಲ ವಿಭಾಗಗಳಿಗೂ ರೇಸಿಂಗ್ ನಿಲ್ಲಿಸಿ ಅಂದಿತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅನ್ನುವ ನಿಯಮವೂ ಇತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ತಂಡ ಒಂದು ಸಂದು ಹುಡುಕಿದರು. ಹೊಸ ಮಾದರಿಗೆ ತಾನೇ ಆ ನಿಯಮ? ಲೆಮಾನ್ಸ್ ಅನ್ನುವ ಇರುವ ಕಾರಿಗೇ 389 ಎಂಜಿನ್ನನ್ನು 'ಆಪ್ಷನ್' ಅಂತ ಕೊಟ್ಟರೆ? 1964ರ ಮಾದರಿಗೆ ಸುಮಾರು 296 ಡಾಲರ್ ಜಾಸ್ತಿ ಕೊಟ್ಟವರಿಗೆ ಅದು ಜಿಟಿಒ ಆಗುತ್ತಿತ್ತು. ಆ ವರ್ಷ 32,450 ಹೋದವು. ಮರುವರ್ಷ 75,000 ದಾಟಿತು. ಚಿಕ್ಕ ಮೈಗೆ ದೊಡ್ಡ ಎಂಜಿನ್ ಅನ್ನುವ ಮಸಲ್ ಕಾರಿನ ಅಬ್ಬರ ಶುರುವಾದದ್ದೇ ಅಲ್ಲಿಂದ ಅಂತ ಬಹಳ ಜನ ಲೆಕ್ಕ ಹಾಕುತ್ತಾರೆ.

ಆ ಜಾಣತನದ ಬಿಸಿ ಇವತ್ತು ನಮಗೆ ತಟ್ಟುತ್ತದೆ. 1964 ಮತ್ತು 1965ರಲ್ಲಿ ಜಿಟಿಒ ಬೇರೆ ಮಾದರಿಯೇ ಅಲ್ಲವಲ್ಲ, ಹಾಗಾಗಿ 1965ರ ನಂಬರು ಲೆಮಾನ್ಸ್‌ಗೂ 237, ಜಿಟಿಒಗೂ 237. ಪ್ರತ್ಯೇಕವಾಗಿ 242 ಬಂದದ್ದು 1966ರಲ್ಲಿ. ಯಜಮಾನರ ಕಾರಿನ ಬಾಗಿಲ ಕಂಬದ ಮೇಲಿದ್ದದ್ದು 237375ಪಿ. ಅಂದರೆ 1965, ಹಾರ್ಡ್‌ಟಾಪ್ (ಗಟ್ಟಿ ಛಾವಣಿಯದು), ಪಾಂಟಿಯಾಕ್ ಊರಿನ ಕಾರ್ಖಾನೆ. ಅಷ್ಟೇ. ಪಕ್ಕದ ತಗಡಿನ ಮೇಲೆ ಜಿಟಿಒ ಅಂತ ಅಕ್ಷರ ಇತ್ತು. '6.5 ಲೀಟರ್' ಬಿಲ್ಲೆಯೂ ಇತ್ತು. ಆದರೆ ಬಿಲ್ಲೆಯನ್ನು ಯಾರು ಬೇಕಾದರೂ ಅಂಟಿಸಬಹುದು, ಅಲ್ವಾ?

ಪಾಂಟಿಯಾಕ್ ಕಾರುಗಳ ಕಾರ್ಖಾನೆ ಬಿಲ್ಲಿನ ನಕಲನ್ನು ಇಟ್ಟುಕೊಂಡಿರುವ ಸಂಸ್ಥೆಯೊಂದಿದೆ, ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್. ನಂಬರು, ಶುಲ್ಕ ಕಳಿಸಿದರೆ ನಿಮ್ಮ ಕಾರು ಹುಟ್ಟುವಾಗ ಅದರಲ್ಲಿ ಏನೇನಿತ್ತು ಅಂತ ಕಾಗದ ಬರುತ್ತದೆ. ನಾವೂ ತರಿಸಿದೆವು. ಅಡುಗೆಮನೆ ಟೇಬಲ್ ಮೇಲಿಟ್ಟು ಓದಿದೆವು. 326 ಎಂಜಿನ್, ಎರಡು ಬ್ಯಾರೆಲ್, ಎರಡು ವೇಗದ ಆಟೊಮ್ಯಾಟಿಕ್. ಜಿಟಿಒ ಆಪ್ಷನ್ ಎಲ್ಲೂ ಇಲ್ಲ.

ಯಜಮಾನರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಎದ್ದು ಹೋಗಿ ಕಾಫಿ ಬಿಸಿ ಮಾಡಿಕೊಂಡು ಬಂದರು. ಕುಡಿಯಲಿಲ್ಲ.

ಮಾರನೇ ದಿನ ಎಂಜಿನ್ ನೋಡಿದೆವು. ಆ ಕಾಲದ ಪಾಂಟಿಯಾಕ್ ವಿ8ಗಳು ಹೊರಗಿನಿಂದ ಎಲ್ಲವೂ ಒಂದೇ ಥರ. 326 ಯಾವುದು, 389 ಯಾವುದು ಅಂತ ಗೊತ್ತಾಗುವುದು ಬ್ಲಾಕಿನ ಮುಂಭಾಗದಲ್ಲಿ ಒತ್ತಿರುವ ಎರಡು ಅಕ್ಷರದ ಸಂಕೇತದಿಂದ. ಇದು 389ಏ ಹೌದು. ಆದರೆ ಪಾಂಟಿಯಾಕ್‌ನ ದೊಡ್ಡ ಕಾರುಗಳಿಗೆ ಹಾಕುತ್ತಿದ್ದ 389. ಯಜಮಾನರಿಗಿಂತ ಮುಂಚಿನ ಯಾರೋ ಎಂಜಿನ್ ಬದಲಾಯಿಸಿ, ಬಿಲ್ಲೆ ಹಾಕಿ, ಜಿಟಿಒ ಅಂತ ಮಾರಿದ್ದರು. ಗೇರ್‌ಬಾಕ್ಸ್ ನೋಡಿ ಅನುಮಾನ ಬರುವಂತೆಯೂ ಇರಲಿಲ್ಲ. ಯಾಕಂದ್ರೆ ಜಿಟಿಒದಲ್ಲೂ ಆಟೊಮ್ಯಾಟಿಕ್ ಬೇಕು ಅಂದರೆ ಸಿಗುತ್ತಿದ್ದದ್ದು ಎರಡು ವೇಗದ್ದೇ.

ಇಷ್ಟಾದ ಮೇಲೆ ಮಗ ಹೇಳಿದರು, "ಮುಗೀತಲ್ಲ, ಚಾರ್ಜರ್ ಮಾಡಿಸೋಣ." ನನಗೂ ಹಾಗೇ ಅನ್ನಿಸಿತ್ತು.

ನೀರು ಹೋದ ದಾರಿ

ಇಲ್ಲಿನ ಉಪ್ಪಿನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ. ಅದು ಶುರುವಾದದ್ದು 1910ರಲ್ಲಿ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಕರಗಿದ ಉಪ್ಪುನೀರು ಕಾರಿನ ಅಡಿಗೆ ಎರಚುತ್ತದೆ. ಕಾರು ಹುಟ್ಟಿಸಿದ ಊರಿನ ಹೊಟ್ಟೆಯಲ್ಲೇ ಅದನ್ನು ತಿನ್ನುವ ಉಪ್ಪೂ ಇದೆ. ಯಜಮಾನರು 1970ರ ದಶಕದ ಉದ್ದಕ್ಕೂ ಚಳಿಗಾಲದಲ್ಲಿ ಕೆಲಸಕ್ಕೆ ಹೋಗುತ್ತಿದ್ದದ್ದು ಚಾರ್ಜರ್‌ನಲ್ಲಿ. ಪಾಂಟಿಯಾಕ್ ಬೇಸಿಗೆಯ ಕಾರು, ಹೆಂಡತಿಯ ಜೊತೆ ಹೋಗುವುದಕ್ಕೆ.

ಇನ್ನೊಂದು ವಿಷಯ ಗಮನಿಸಿದ್ದು ನಾನು ಮಂಡಿಯೂರಿ ಕೂತಾಗ. ಶೆಡ್ಡಿನ ಅರ್ಧಕ್ಕೆ ಮಾತ್ರ ಕಾಂಕ್ರೀಟ್ ಹಾಕಿದ್ದರು. ಪಾಂಟಿಯಾಕ್ ಅದರ ಮೇಲಿತ್ತು. ಚಾರ್ಜರ್ ನಿಂತಿದ್ದದ್ದು ಬರೀ ಮಣ್ಣಿನ ನೆಲದ ಮೇಲೆ. ಮಣ್ಣಿನಿಂದ ಏಳುವ ತೇವ ಮೂವತ್ತು ವರ್ಷ ಅದರ ಹೊಟ್ಟೆಗೆ ತಾಗಿತ್ತು. ಮೇಲಿನಿಂದ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ. ಬಣ್ಣ ಇನ್ನೂ ಹೊಳೆಯುತ್ತಿತ್ತು.

ಚಾರ್ಜರ್‌ನ ಡಿಕ್ಕಿ ತೆಗೆದೆ. ಚಾಪೆ ಎತ್ತಿದೆ. ಅಡಿಯಲ್ಲಿದ್ದದ್ದು ತಗಡಲ್ಲ, ಕಂದು ಪದರ. ಒಣಗಿದ ಎಲೆಗಳ ಹಾಗೆ ಒಂದರ ಮೇಲೊಂದು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸ್ಕ್ರೂಡ್ರೈವರ್ ಇಟ್ಟು ಸುಮ್ನೆ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ತೆಗೆದಾಗ ಆ ತೂತಿನಿಂದ ಕೆಳಗಿನ ಮಣ್ಣು ಕಂಡಿತು.

ನೀರು ಎಲ್ಲಿಂದ ಬಂತು? ನಾನು ಅಷ್ಟು ಮೆಚ್ಚಿದ್ದ ಆ ಹಿಂದಿನ ಗಾಜಿನಿಂದ. ಗಾಜು ಒಳಕ್ಕೆ ಕೂತಿರುವುದರಿಂದ ಮಳೆ, ಹಿಮ ಎಲ್ಲವೂ ಅದರ ಬುಡದಲ್ಲೇ ನಿಲ್ಲುತ್ತದೆ. ಮೇಲೆ ವಿನೈಲ್ ಹೊದಿಕೆ ಬೇರೆ. ಅದರ ಅಂಚಿನೊಳಗೆ ನುಗ್ಗಿದ ತೇವ ಆರುವುದೇ ಇಲ್ಲ. ಗಾಜಿನ ಬುಡದ ತಗಡು ತಿಂದು, ಅಲ್ಲಿಂದ ಡಿಕ್ಕಿಗೆ ಇಳಿದು, ಡಿಕ್ಕಿಯ ನೆಲ ತಿಂದು, ಕೆಳಗೆ ಹಿಂದಿನ ಲೀಫ್ ಸ್ಪ್ರಿಂಗ್ ಕಚ್ಚಿಕೊಂಡಿರುವ ಉದ್ದದ ರೈಲುಗಳನ್ನೂ, ಅಂದರೆ ಕಾರಿನ ಭಾರ ಹೊರುವ ಉಕ್ಕಿನ ತೊಲೆಗಳನ್ನೂ, ನೀರು ಹಿಡಿದಿತ್ತು.

ಅಷ್ಟೇ ಆಗಿದ್ದರೆ ಒಪ್ಪಬಹುದಿತ್ತು. 1968ರ ಚಾರ್ಜರ್‌ಗೆ ಡಿಕ್ಕಿಯ ನೆಲ, ಪಕ್ಕದ ತಗಡು, ಎಲ್ಲವೂ ಹೊಸದಾಗಿ ಒತ್ತಿದ್ದು ಸಿಗುತ್ತವೆ. ನನ್ನನ್ನು ನಿಲ್ಲಿಸಿದ್ದು ಮುಂದಿನ ಸೀಟಿನ ಕೆಳಗಿದ್ದದ್ದು. ಚಾರ್ಜರ್‌ನ ಮುಂದಿನ ಚಕ್ರಗಳಿಗೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಅದರ ಬದಲು ಉದ್ದಕ್ಕೆ ಎರಡು ಉಕ್ಕಿನ ಸರಳುಗಳು. ಅವು ತಿರುಚಿಕೊಂಡೇ ಕಾರಿನ ಮುಂಭಾರ ಹೊರುತ್ತವೆ. ಸರಳುಗಳ ಹಿಂತುದಿ ಕೂರುವುದು ಸೀಟಿನ ಕೆಳಗಿರುವ ಒಂದು ಅಡ್ಡಪಟ್ಟಿಯಲ್ಲಿ. ಅದು ಕೊಳೆತರೆ ಕಾರು ಓಡಿಸುವುದು ಜೀವಕ್ಕೆ ಅಪಾಯ. ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಒಳ್ಳೆಯ ತಗಡು ಠಣ್ ಅನ್ನಬೇಕು. ಇದು ಒದ್ದೆ ಮಣ್ಣಿನ ಮಡಕೆಯ ಹಾಗೆ ದಪ್ ಅಂತು. ಹೀಗೆ ತಟ್ಟಿ ಕೇಳುವುದನ್ನು ನಾನು ಕಲಿತದ್ದು ಓದಿನಿಂದಲ್ಲ, ಹುಬ್ಬಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಟಿಂಕರಿಂಗ್ ಅಂಗಡಿಯಲ್ಲಿ, ರಜೆಯಲ್ಲಿ ಸುಮ್ನೆ ಕೂತು ನೋಡುತ್ತಾ.

ಕೊನೆಗೆ ಒಂದು ಪರೀಕ್ಷೆ ಮಾಡಿದೆವು. ಬಾಗಿಲು ಮತ್ತು ಹಿಂದಿನ ತಗಡಿನ ನಡುವಿನ ಸಂದಿಯ ಮೇಲ್ತುದಿಯಲ್ಲಿ ಕಾಲು ಡಾಲರ್ ನಾಣ್ಯವನ್ನು ಅಡ್ಡಕ್ಕೆ ತೂರಿಸಿದೆ. ಸಡಿಲವಾಗಿ ಹೋಯಿತು, ಬಂತು. ಆಮೇಲೆ ಹಿಂದಿನಿಂದ ಜಾಕ್ ಕೊಟ್ಟು ಎತ್ತಿದೆವು. ಈಗ ಅದೇ ನಾಣ್ಯ ಹೋಗಲೇ ಇಲ್ಲ. ಬಾಗಿಲೂ ಬಿಗಿದುಕೊಂಡಿತು. ಅಂದರೆ ಕಾರು ನಡುವಿನಲ್ಲಿ ಬಗ್ಗುತ್ತಿದೆ. ಚಾರ್ಜರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅದರ ಬೆನ್ನುಮೂಳೆಯೇ ಹೋಗಿತ್ತು.

ಯಜಮಾನರು ನಾಣ್ಯವನ್ನು ನನ್ನ ಕೈಯಿಂದ ಇಸಕೊಂಡು ತಾವೇ ಇನ್ನೊಂದು ಸಲ ತೂರಿಸಿ ನೋಡಿದರು. ತಗಡಿನ ಜೊತೆ ನಲವತ್ತು ವರ್ಷ ಕಳೆದವರಿಗೆ ನಾನು ವಿವರಿಸಬೇಕಾದ್ದು ಏನೂ ಇರಲಿಲ್ಲ.

ಪಾಂಟಿಯಾಕ್‌ನಲ್ಲೂ ತುಕ್ಕು ಇತ್ತು. ಹಿಂದಿನ ಚಕ್ರದ ಹಿಂಭಾಗದ ತಗಡಿಗೆ ತೆಳು ಕಾಗದ ಇಟ್ಟು ಅಯಸ್ಕಾಂತ ಹಿಡಿದರೆ ಜಾರಿ ಬೀಳುತ್ತಿತ್ತು. ಒಳಗೆಲ್ಲ ಪುಟ್ಟಿ. ಡಿಕ್ಕಿಯ ಎರಡು ಮೂಲೆಯಲ್ಲಿ ಸೂಜಿ ತೂತುಗಳು. ಬಾಡಿಗೂ ಚಾಸಿಗೂ ನಡುವಿನ ರಬ್ಬರುಗಳು ಪುಡಿಪುಡಿ. ಆದರೆ ಇದು ಲಾರಿಯ ಹಾಗೆ ಬೇರೆ ಚಾಸಿಯಿರುವ ಕಾರು. ಬೋಲ್ಟ್ ಬಿಚ್ಚಿ ಬಾಡಿಯನ್ನೇ ಮೇಲೆತ್ತಬಹುದು. ಹಾರ್ಡ್‌ಟಾಪ್ ಆದ್ದರಿಂದ ಚಾಸಿಯ ಪಕ್ಕದ ಪಟ್ಟಿಗಳು ಒಂದು ಬದಿ ತೆರೆದಿವೆ. ಛಾವಣಿ ಮಡಚುವ ಕನ್ವರ್ಟಿಬಲ್‌ಗಳಲ್ಲಿ ಅದು ಮುಚ್ಚಿದ ಪೆಟ್ಟಿಗೆ, ಒಳಗೆ ಕೆಸರು ನಿಂತರೆ ಕಾಣುವುದೂ ಇಲ್ಲ. ಇಲ್ಲಿ ಕೈ ಹಾಕಿ ಉದ್ದಕ್ಕೂ ಸವರಿದೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗದಲ್ಲಿ ಈ ಕಾರುಗಳು ಕೊಳೆಯುವುದುಂಟು. ಅಲ್ಲಿಯೂ ಸುತ್ತಿಗೆ ತಟ್ಟಿದೆ. ಠಣ್.

ಅಲ್ಲಿಗೆ ಪರಿಸ್ಥಿತಿ ಸ್ಪಷ್ಟವಾಯಿತು. ಚಾರ್ಜರ್‌ನ ಕಾಗದ ನಿಜ, ತಗಡು ಸುಳ್ಳು. ಪಾಂಟಿಯಾಕ್‌ನ ತಗಡು ನಿಜ, ಹೆಸರು ಸುಳ್ಳು.

ಲೆಕ್ಕ

ಬಾಡಿ ಕೆಲಸದವರನ್ನು ಕರೆಸಿ ತೋರಿಸಿದೆವು. ಚಾರ್ಜರ್‌ಗೆ ಬರೀ ತಗಡಿನ ಕೆಲಸವೇ 600 ಗಂಟೆ ಅಂದರು. ಗಂಟೆಗೆ 90 ಡಾಲರ್. 54,000 ಅಲ್ಲಿಗೇ ಆಯಿತು. ಬಣ್ಣ, ಎಂಜಿನ್, ಸೀಟು, ಕ್ರೋಮ್ ಇನ್ನೂ ಸೇರಿಲ್ಲ. ಕಾರನ್ನು ಅಳತೆಯ ಚೌಕಟ್ಟಿಗೆ ಬಿಗಿದು, ಸ್ಪಾಟ್ ವೆಲ್ಡ್ ಒಂದೊಂದನ್ನೇ ಕೊರೆದು ಬಿಡಿಸಿ, ರೈಲು ಬದಲಾಯಿಸಬೇಕು. ಶೆಡ್ಡಿನಲ್ಲಿ ನಾವು ಮಾಡುವಂಥದ್ದಲ್ಲ. ಪಾಂಟಿಯಾಕ್‌ಗೆ 220 ಗಂಟೆ. ಅದರಲ್ಲಿ ಅರ್ಧದಷ್ಟು ಬಿಚ್ಚುವ, ಉಜ್ಜುವ, ಜೋಡಿಸುವ ಕೆಲಸ. ಅದನ್ನು ಯಜಮಾನರು, ನಾನು, ಮಗ ಸೇರಿ ಮಾಡಬಹುದು.

ಮಗ ಆಗಲೂ ಬಿಟ್ಟುಕೊಡಲಿಲ್ಲ. "ಲೆಮಾನ್ಸ್‌ಗೆ ಎಷ್ಟು ಬರುತ್ತೆ? ಚಾರ್ಜರ್‌ಗೆ ಎಷ್ಟು ಬರುತ್ತೆ?" ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಮುಗಿದ ಚಾರ್ಜರ್‌ಗೆ ಜಾಸ್ತಿ ಬೆಲೆ, ಹೌದು. ಆದರೆ ಅಪ್ಪನ ಹಣದಲ್ಲಿ ಅದು ಮುಗಿಯುವುದಿಲ್ಲ. ಅರ್ಧ ಬಿಚ್ಚಿ ನಿಲ್ಲಿಸಿದ ಕಾರಿಗೆ ಬಿಚ್ಚದ ಕಾರಿಗಿಂತ ಕಮ್ಮಿ ಬೆಲೆ. ಬೋಲ್ಟುಗಳು ಡಬ್ಬಿಯಲ್ಲಿ, ಬಾಗಿಲುಗಳು ಗೋಡೆಗೆ, ಯಾವುದು ಎಲ್ಲಿಯದು ಅಂತ ಬಿಚ್ಚಿದವರಿಗೆ ಮಾತ್ರ ಗೊತ್ತು. ಅಂಥ ಕಾರುಗಳನ್ನು ನಾನು ಈ ಊರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ನೋಡುವಾಗ ಸಂಕಟವಾಗುತ್ತದೆ.

ನಂಬರಿನಲ್ಲಿ ಎಕ್ಸ್‌ಪಿ29ಜಿ ಬದಲು ಎಕ್ಸ್‌ಎಸ್29ಎಲ್ ಇದ್ದಿದ್ದರೆ ನಾನು ಬೇರೆ ಮಾತು ಆಡುತ್ತಿದ್ದೆ. ಅದು ಆರ್/ಟಿ, ಚಾರ್ಜರ್‌ನಲ್ಲೇ ಜಾಸ್ತಿ ಶಕ್ತಿಯ ಮಾದರಿ. 440 ಎಂಜಿನ್, 375 ಕುದುರೆಶಕ್ತಿ. ಅದಕ್ಕೆ 54,000 ಸುರಿದರೂ ನಷ್ಟ ಆಗುವ ಭಯ ಕಮ್ಮಿ. ಆಗ ಮಗನ ಹೆಸರಿಗೆ ಮಾಡಿ, ಪೂರ್ತಿ ಕೆಲಸವನ್ನು ವೃತ್ತಿಯವರಿಗೆ ಕೊಟ್ಟು ನಿಧಾನವಾಗಿ ಮಾಡಿಸಿ ಅನ್ನುತ್ತಿದ್ದೆ. ಎರಡು ಬ್ಯಾರೆಲ್ಲಿನ 383ಕ್ಕೆ ಆ ಲೆಕ್ಕ ಕೂಡುವುದಿಲ್ಲ.

ಹಾಗಂತ ಚಾರ್ಜರ್ ಗುಜರಿಗೆ ಹೋಗಬಾರದು. ಹುಟ್ಟಿದ ಎಂಜಿನ್ ಇದೆ, ಕಾಗದ ಸರಿಯಿದೆ. ಸರಿಯಾದ ಕೈಗೆ ಸಿಕ್ಕರೆ ಅದು ಮತ್ತೆ ರಸ್ತೆಗೆ ಬರುತ್ತದೆ. ಹಾಗಾಗಿ ನನ್ನ ಸಲಹೆ ಹೀಗಿತ್ತು: ಚಾರ್ಜರ್ ಅನ್ನು ಇದ್ದ ಹಾಗೇ, ಕೊಳೆತ ಜಾಗಗಳ ಫೋಟೊ ಸಮೇತ, ಚಾರ್ಜರ್ ಬಲ್ಲವರಿಗೆ ಮಾರಿ. ಆ ಹಣವನ್ನು ಪಾಂಟಿಯಾಕ್‌ಗೆ ಹಾಕಿ.

ಯಜಮಾನರು ಒಂದು ವಾರ ಉತ್ತರ ಕೊಡಲಿಲ್ಲ. ಅವರನ್ನು ತಡೆದದ್ದು ದುಡ್ಡಲ್ಲ. "ಐವತ್ತು ವರ್ಷ ಜಿಟಿಒ ಅಂದೆ. ಅವಳಿಗೂ ಹಾಗೇ ಹೇಳಿದ್ದೆ" ಅಂದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ನಾನು ಏನು ಹೇಳಲಿ? "ಅವರು ಹತ್ತಿದ್ದು ಈ ಕಾರನ್ನೇ ಅಲ್ವಾ" ಅಂದೆ. ಅಷ್ಟೇ ಹೇಳಲಾಯಿತು.

ಮುಂದೆ

ಚಾರ್ಜರ್ ಪಕ್ಕದ ರಾಜ್ಯದ ಒಬ್ಬರಿಗೆ 19,000 ಡಾಲರ್‌ಗೆ ಹೋಯಿತು. ಅವರ ಹತ್ತಿರ ಅಳತೆಯ ಚೌಕಟ್ಟಿದೆ, ಹಿಂದೆ ಎರಡು ಚಾರ್ಜರ್ ಮಾಡಿದ್ದಾರೆ. ಟ್ರೇಲರ್ ಮೇಲೆ ಏರಿಸುವಾಗ ಮಗ ಮನೆಯೊಳಗೇ ಇದ್ದರು.

ಪಾಂಟಿಯಾಕ್‌ನ ಬಾಡಿ ಎತ್ತಿದ್ದು ಮೇ ತಿಂಗಳಲ್ಲಿ. ಚಾಸಿಯನ್ನು ಬೆತ್ತಲೆ ಮಾಡಿ ಮೂಲೆಯಿಂದ ಮೂಲೆಗೆ ಅಳೆದೆವು. ಎರಡು ಕರ್ಣಗಳಿಗೂ 3 ಮಿಲಿಮೀಟರ್ ವ್ಯತ್ಯಾಸ. ಆ ಕಾಲದ ಚಾಸಿಗೆ ಅದು ಏನೂ ಅಲ್ಲ. ಬ್ರೇಕ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. 1965ರ ಮಾಸ್ಟರ್ ಸಿಲಿಂಡರಿಗೆ ಒಂದೇ ದಾರಿ, ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಮುಂದಿನದು ಬೇರೆ, ಹಿಂದಿನದು ಬೇರೆ ಇರುವ ಎರಡು ದಾರಿಯದನ್ನು ಹಾಕಿಸಿದೆ. ಹಳೆಯದು ಹಳೆಯದರಂತೇ ಇರಲಿ ಅನ್ನುವವರು ಇದನ್ನು ಒಪ್ಪಲಿಕ್ಕಿಲ್ಲ. 74 ವರ್ಷದವರು ಓಡಿಸುವ ಕಾರು ಇದು. ನಾನು ಬದಲಾಯಿಸಿಯೇ ಬದಲಾಯಿಸುತ್ತೇನೆ.

ಎಂಜಿನ್ ಬಗ್ಗೆ ಮೂರು ಜನರೂ ಬೇಗ ಒಪ್ಪಿದೆವು. 326 ಹುಡುಕಿಕೊಂಡು ಹೋಗುವುದು ಬೇಡ, ಇರುವ 389ನ್ನೇ ಬಿಚ್ಚಿ ಸರಿ ಮಾಡೋಣ. ಯಜಮಾನರು ಬಲ್ಲ ಸದ್ದು ಅದರದ್ದೇ. ಬಿಲ್ಲೆಯ ಬಗ್ಗೆ ಮಾತ್ರ ಚರ್ಚೆ ಜಾಸ್ತಿಯಾಯಿತು. ಜಿಟಿಒ ಅಕ್ಷರ ಮತ್ತೆ ಹಾಕಿದರೆ ತಪ್ಪೇನು, ನಾವು ಮಾರುವುದಿಲ್ಲವಲ್ಲ ಅಂತ ಮಗ. ನನಗೆ ಅದು ಸರಿ ಕಾಣಲಿಲ್ಲ. ನಾವು ಮಾರದಿದ್ದರೂ ನಮ್ಮ ನಂತರ ಯಾರೋ ಮಾರುತ್ತಾರೆ. ಯಜಮಾನರಿಗೆ ಆದದ್ದು ಇನ್ನೊಬ್ಬರಿಗೂ ಆಗುತ್ತದೆ. ಯಜಮಾನರು ಕೇಳುತ್ತಾ ಕೂತಿದ್ದರು, ಏನೂ ಹೇಳಲಿಲ್ಲ.

ಹೋದ ತಿಂಗಳು ಪಕ್ಕದ ತಗಡಿನ ಬಣ್ಣ ಕೆರೆಯುತ್ತಿದ್ದೆವು. ಮೂರು ಪದರ ಬಣ್ಣ, ಅದರ ಕೆಳಗೆ ಪುಟ್ಟಿ. ಪುಟ್ಟಿ ಉದುರಿದ ಜಾಗದಲ್ಲಿ ಸಣ್ಣ ಸಣ್ಣ ತೂತುಗಳು ಕಂಡವು, ಸಾಲಾಗಿ. ಜಿಟಿಒ ಅಕ್ಷರಗಳ ತೂತುಗಳಲ್ಲ, ಅಳತೆಯೇ ಬೇರೆ. ಕಾರ್ಖಾನೆಯಲ್ಲಿ ಲೆಮಾನ್ಸ್ ಅಂತ ಹೆಸರು ಕೂರಿಸಿದ್ದ ಜಾಗ. ಯಜಮಾನರು ಕೈಗವಸು ತೆಗೆದು ಒಂದೊಂದು ತೂತಿನ ಮೇಲೂ ಬೆರಳಿಟ್ಟರು. ಆಮೇಲೆ ಮಗನ ಕಡೆ ತಿರುಗಿ, "ಇದಕ್ಕೆ ಅಕ್ಷರ ಸಿಗುತ್ತಾ ನೋಡು" ಅಂದರು.

ಹೊಸದಾಗಿ ಅಚ್ಚು ಹಾಕಿದ್ದು ಸಿಕ್ಕಿತು. ಪುಟ್ಟಿ ತುಂಬಿಕೊಂಡಿದ್ದ ಆ ತೂತುಗಳನ್ನು ಕಳೆದ ಶನಿವಾರ ಡ್ರಿಲ್ ಹಿಡಿದು ಬಿಡಿಸಿದ್ದು ಮಗನೇ. ಯಜಮಾನರು ಪಕ್ಕದಲ್ಲಿ ನಿಂತು ಬೆಳಕು ಹಿಡಿದಿದ್ದರು.